ದಾರಿ ಬಿಡುವ ಸ್ಟಿಯರಿಂಗ್

ಹಳೇ ಐಷಾರಾಮಿ ಕಾರುಗಳಲ್ಲಿ ಕೆಲವಕ್ಕೆ ಮರ್ಯಾದೆ ಜಾಸ್ತಿ. ಕೀ ತೆಗೆದೊಡನೆ ಸ್ಟಿಯರಿಂಗ್ ತಾನೇ ಮೇಲಕ್ಕೆ ಸರಿದು ಒಡೆಯನ ಹೊಟ್ಟೆಗೆ ದಾರಿ ಬಿಡುತ್ತದೆ. ಕೀ ಹಾಕಿದರೆ ಕೆಳಗಿಳಿದು ಕೈಗೆ ಸಿಗುತ್ತದೆ. ಫೋರ್ಡ್‌ನವರು 1961ರ ಥಂಡರ್‌ಬರ್ಡ್‌ನಲ್ಲಿ ಸ್ಟಿಯರಿಂಗನ್ನು ಸುಮಾರು 10 ಇಂಚು ಪಕ್ಕಕ್ಕೆ ಸರಿಸುವ ಏರ್ಪಾಡು ಮಾಡಿದ್ದರು. ಆಗ ಕೈಯಲ್ಲೇ ತಳ್ಳಬೇಕಿತ್ತು. ಆಮೇಲೆ ಮೋಟಾರು ಬಂತು. ಮೋಟಾರಿನ ಹಿಂದೆಯೇ ರಿಪೇರಿಯೂ ಬಂತು.

ನನ್ನ ಸೆಕೆಂಡ್ ಹ್ಯಾಂಡ್ ಕಾರಿನ ಸ್ಟಿಯರಿಂಗ್ ಒಂದು ದಿನ ದಾರಿ ಬಿಟ್ಟಿದ್ದು, ವಾಪಸು ಬರಲೇ ಇಲ್ಲ. ಬಟನ್ ಒತ್ತಿದರೆ ಒಳಗಿನಿಂದ ಕಟಕಟ ಸದ್ದು, ಅಷ್ಟೇ. ಸ್ಪೀಡೋಮೀಟರು ಕಾಣಬೇಕಾದರೆ ಕತ್ತು ಬಗ್ಗಿಸಬೇಕು. ಬೆಂಗಳೂರಿನಲ್ಲಿ ಅದನ್ನು ನೋಡುವ ಪ್ರಸಂಗ ಅಷ್ಟಾಗಿ ಬರುವುದಿಲ್ಲ, ಬಿಡಿ. ಕೈಯೆತ್ತಿ ಓಡಿಸುತ್ತಿದ್ದ ನನ್ನನ್ನು ನೋಡಿ ಹೆಂಡತಿ, "ಏನ್ರೀ, ಕಾರಲ್ಲಿ ಕೂತೂ ಬಸ್ಸಲ್ಲಿ ನಿಂತ ಹಾಗೆ ಕಾಣ್ತೀರಲ್ಲ!" ಎಂದಳು.

ಸರ್ವಿಸ್ ಸೆಂಟರಿನವರು ಇಡೀ ಸ್ಟಿಯರಿಂಗ್ ಕಾಲಂ ಬದಲಿಸಬೇಕು ಎಂದರು. ಅವರ ಎಸ್ಟಿಮೇಟ್ ನೋಡಿದ ಮೇಲೆ ಬಸ್ಸೇ ವಾಸಿ ಅನ್ನಿಸಿತು.

ನಮ್ಮ ಬೀದಿಯ ಗ್ಯಾರೇಜಿನ ಭಾಯ್ ಮೊದಲು ಬ್ಯಾಟರಿಯ ವೈರು ಕಳಚಿ, ಟೀಗೆ ಹೇಳಿದರು. ಸೋಮಾರಿತನವೆಂದು ತಿಳಿಯಬೇಡಿ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗಿನ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ; ಅವಸರ ಮಾಡಿದರೆ ಮುಖಕ್ಕೇ ಸಿಡಿದೀತು. ಟೀ ಕುಡಿಯುವುದೇ ಸುರಕ್ಷತಾ ಕ್ರಮವಾಗಿರುವ ಇನ್ನೊಂದು ರಿಪೇರಿ ನಾನು ಕಂಡಿಲ್ಲ.

ಕವರು ಬಿಚ್ಚಿದರೆ ಎರಡು ಪುಟ್ಟ ಮೋಟಾರುಗಳು: ಮೇಲೆ ಕೆಳಗೆ ಮಾಡಲು ಒಂದು, ಹಿಂದೆ ಮುಂದೆ ಮಾಡಲು ಇನ್ನೊಂದು. 12 ವೋಲ್ಟ್ ಕೊಟ್ಟು ನೋಡಿದರೆ ಎರಡೂ ಗಿರ್ರೆಂದವು. ಕೆಟ್ಟಿದ್ದು ಎರಡು ರೂಪಾಯಿ ನಾಣ್ಯದಗಲದ ಒಂದು ನೈಲಾನ್ ಗೇರು. ಬಿಳಿ ಬಣ್ಣ ಹಳದಿಗೆ ತಿರುಗಿ, ಒಂದು ಮಗ್ಗುಲಿನ ಹಲ್ಲುಗಳೆಲ್ಲ ಉದುರಿ, ಒಣಗಿ ಗಟ್ಟಿಯಾದ ಗ್ರೀಸಿನೊಳಗೆ ಹೂತುಕೊಂಡಿದ್ದವು. ಮೋಟಾರಿನ ರೂಪದಲ್ಲಿ ಕಡಲೆ ಧಾರಾಳವಾಗಿತ್ತು, ಹಲ್ಲೇ ಇರಲಿಲ್ಲ.

ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಕಾಲಮ್ಮಿಗೂ ಅದೇ ವಯಸ್ಸು, ಅದೇ ಬೊಚ್ಚುಬಾಯಿ. ಕೊನೆಗೆ ಗೇರನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಪೀಣ್ಯದಲ್ಲಿ ಗೇರ್ ಕಟಿಂಗ್ ಮಾಡುವವರ ಹತ್ತಿರ ಹೋದೆ. ಅವರು ಕನ್ನಡಕ ಹಣೆಗೇರಿಸಿ, ಇರುವ ಹಲ್ಲನ್ನೂ ಇಲ್ಲದ ಹಲ್ಲನ್ನೂ ಎಣಿಸಿ, ವರ್ನಿಯರ್ ಹಿಡಿದು ಅಳೆದು, ಅಂಗೈಯ ಮೇಲೇ ಲೆಕ್ಕ ಬರೆದುಕೊಂಡರು.

"ಹಿತ್ತಾಳೇಲಿ ಮಾಡಿಬಿಡಿ, ಶಾಶ್ವತವಾಗಿರಲಿ" ಎಂದೆ.

"ಬೇಡ ಸಾರ್. ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಮುರೀಲಿ ಅಂತಾನೇ ಇದನ್ನ ಮೆತ್ತಗೆ ಮಾಡಿರೋದು. ಇದು ಗಟ್ಟಿಯಾದ್ರೆ ಮೋಟಾರ್ ಸುಟ್ಟೋಗತ್ತೆ."

ನೈಲಾನಿನದೇ ಆಯಿತು. ಭಾಯ್ ಅದನ್ನು ಕೂರಿಸಿ, ಹೊಸ ಗ್ರೀಸು ಬಳಿದು, ಬ್ಯಾಟರಿ ಜೋಡಿಸಿ, ಕೀ ತಿರುಗಿಸಿದರು. ಸ್ಟಿಯರಿಂಗ್ ಗಂಭೀರವಾಗಿ ಕೆಳಗಿಳಿದು ನನ್ನೆದೆಯ ಮುಂದೆ ನಿಂತಿತು.

ಇನ್ನುಳಿದದ್ದು ಮೆಮೊರಿ ಬಟನ್ನುಗಳು. ಒಂದನೆಯದರಲ್ಲಿ ಹಿಂದಿನ ಮಾಲೀಕರ ನೀಳಕಾಯದ ಅಳತೆ ಇತ್ತು. ಹೆಂಡತಿ ಅದನ್ನು ಅಳಿಸಿ ತನ್ನದನ್ನು ಕೂರಿಸಿದಳು. ಎರಡನೆಯದು ನನಗೆ ಬಂತು. ಮೂರನೆಯದನ್ನು ಒತ್ತಿದರೆ ಯಾರದೋ ಗುರುತಿಲ್ಲದ ಅಳತೆ.

"ಅದು ನಂದು ಸಾರ್," ಎಂದರು ಭಾಯ್, ಕೈ ಒರೆಸಿಕೊಳ್ಳುತ್ತ. "ಟ್ರಯಲ್‌ಗೆ ಹಾಕ್ಕೊಂಡಿದ್ದೆ. ಇರ್ಲಿ ಬಿಡಿ, ಹೆಂಗೂ ಬರ್ತಾ ಇರ್ತೀರಲ್ಲ."