ವರ್ಣಾಚಾರ್ಯರ ಮಾರುತ

ವರ್ಣಾಚಾರ್ಯರ ಮನೆಗೆ ಹೋದವರು ಕೆಲವು ಮಾತು ಆಡಬಾರದು. ‘ಆಟದ ಸಾಮಾನು’ ಅನ್ನಬಾರದು. ‘ಮಗನಿಗಾ?’ ಅಂತ ಕೇಳಬಾರದು. ಗಾಜಿನ ಬೀರುವಿನೊಳಗೆ ಸಾಲಾಗಿ ನಿಂತ ಗೇಣುದ್ದದ ಯುದ್ಧವಿಮಾನಗಳನ್ನು ನೋಡಿ ‘ಎಲ್ಲಾ ಬೂದು ಬಣ್ಣಾನೇ ಅಲ್ವಾ’ ಅಂತೂ ಅನ್ನಲೇಬಾರದು. ಅಂದವರಿಗೆ ಕಾಫಿ ಖಂಡಿತ ಸಿಗುತ್ತದೆ. ಎರಡನೇ ಕಾಫಿಯೂ ಸಿಗುತ್ತದೆ. ಬಿಡುಗಡೆ ಮಾತ್ರ ಸಿಗುವುದಿಲ್ಲ.

ಹೆಸರು ನಾವಿಟ್ಟದ್ದು. ಹಗಲೆಲ್ಲ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಸಂಭಾವಿತರು. ರಾತ್ರಿ ಊಟ ಮುಗಿಸಿ, ಬಾಲ್ಕನಿಯ ಮೂಲೆಯಲ್ಲಿ ಕಂಪ್ರೆಸರ್ ಗುರ್ರೆನ್ನಿಸಿ ಏರ್‌ಬ್ರಶ್ ಹಿಡಿದರೆ ಬೇರೆಯೇ ಮನುಷ್ಯ. ಇಂಥವರು ಬೆಂಗಳೂರಿನಲ್ಲಿ ಒಬ್ಬಿಬ್ಬರಲ್ಲ. ಎಚ್‌ಎಎಲ್ ಇರುವ ಊರು, ಯಲಹಂಕದ ಏರ್ ಶೋಗೆ ಅಪ್ಪನ ಹೆಗಲೇರಿ ಹೋದ ಮಕ್ಕಳು. ದೊಡ್ಡವರಾದ ಮೇಲೆ ಮಾದರಿ ವಿಮಾನದ ಕಿಟ್ ಕೊಳ್ಳದೆ ಇರುತ್ತಾರೆಯೇ? ಕಿಟ್ ಅಂಟಿಸುವುದು ವಾರದ ಕೆಲಸ. ಅಂಟಿಸಿದ್ದಕ್ಕೆ ಸರಿಯಾದ ಬಣ್ಣ ಬಳಿಯುವುದರಲ್ಲಿ ಆಯಸ್ಸು ಕಳೆಯುತ್ತದೆ.

ಅವರ ಮಾತು ಶುರುವಾಗುವುದೇ ಅಂಕಿಯಿಂದ. 1956ರಲ್ಲಿ, ನಮ್ಮಲ್ಲಿ ರಾಜ್ಯ ಒಂದಾದ ವರ್ಷವೇ, ಅಮೆರಿಕ ಸರ್ಕಾರ ತಾನು ಬಳಸುವ ಬಣ್ಣಗಳಿಗೆಲ್ಲ ಗುರುತು ಕೊಟ್ಟು ‘ಫೆಡರಲ್ ಸ್ಟ್ಯಾಂಡರ್ಡ್ 595’ ಎಂಬ ಪಟ್ಟಿ ಮಾಡಿತು. ಒಂದೊಂದು ಬಣ್ಣಕ್ಕೂ ಐದಂಕಿ. ಮೊದಲನೆಯದು ಹೊಳಪಿನದು: 1 ಅಂದರೆ ಫಳಫಳ, 3 ಅಂದರೆ ಮ್ಯಾಟ್. ಎರಡನೆಯದು ಬಣ್ಣದ ಕುಲ; 4 ಹಸಿರು, 6 ಬೂದು. ಉಳಿದ ಮೂರು, ಹೆಚ್ಚುಕಡಿಮೆ, ಬಣ್ಣ ಎಷ್ಟು ತಿಳಿ ಎಂಬ ಲೆಕ್ಕ. ಅಮೆರಿಕದ ಯುದ್ಧವಿಮಾನ ಎಫ್-15ರ ಮೈಮೇಲೆ ಮುಂಚೆ ಇದ್ದ ಎರಡು ಬೂದುಗಳು 36375 ಮತ್ತು 36320. ಹೆಂಡತಿಯ ಫೋನ್ ನಂಬರ್ ವರ್ಣಾಚಾರ್ಯರಿಗೆ ಬಾಯಿಗೆ ಬರುವುದಿಲ್ಲ. ಇವು ನಿದ್ದೆಯಲ್ಲೂ ಬರುತ್ತವೆ.

ಇಷ್ಟು ಸೂಕ್ಷ್ಮ ಕಣ್ಣಿನವರನ್ನು ಅವರ ಮನೆಯವರು ಒಮ್ಮೆ ರವಿಕೆ ಬಟ್ಟೆ ತರಲು ಮ್ಯಾಚಿಂಗ್ ಸೆಂಟರಿಗೆ ಕಳಿಸಿದರು. ತಂದದ್ದನ್ನು ನೋಡಿ ಆಕೆ ಹಣೆ ಚಚ್ಚಿಕೊಂಡರು: ‘ರೀ, ನಾನ್ ಹೇಳಿದ್ದು ಈರುಳ್ಳಿ ಬಣ್ಣ, ನೀವ್ ತಂದಿರೋದು ರಾಣಿ ಕಲರ್!’ ಬಣ್ಣದ ವಿದ್ಯೆ ಆ ಮನೆಯಲ್ಲಿ ನಿಜವಾಗಿ ಯಾರಿಗಿದೆ ಎಂಬುದು ನನಗೆ ಅವತ್ತೇ ಗೊತ್ತಾಯಿತು. ಆಕೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಟ್ಟೆಯನ್ನು ಯಾವತ್ತೂ ಒಪ್ಪಿಕೊಂಡವರಲ್ಲ. ಸೀರೆ, ರವಿಕೆ ಬಟ್ಟೆ ಎರಡನ್ನೂ ಹಿಡಿದು ಬಾಗಿಲಾಚೆ ಬಿಸಿಲಿಗೆ ಬಂದು ನೋಡುತ್ತಾರೆ. ಬೇರೆ ಬೇರೆ ಪುಡಿಯಿಂದ ತಯಾರಾದ ಎರಡು ಬಣ್ಣ ಒಂದು ದೀಪದ ಕೆಳಗೆ ಅವಳಿಜವಳಿಯಂತೆ ಕಂಡು, ಬಿಸಿಲಿನಲ್ಲಿ ಅಪರಿಚಿತರಾಗುವುದುಂಟು. ನಮ್ಮ ವರ್ಣಾಚಾರ್ಯರೋ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಬಳಿಯುವವರು. ಬೆಳಿಗ್ಗೆ ತುಳಸಿಗೆ ನೀರು ಹಾಕಲು ಬಂದ ಆಕೆ ರೆಕ್ಕೆಯ ಕಡೆ ಕಣ್ಣು ಹಾಯಿಸಿ, ‘ನೀಲಿ ಜಾಸ್ತಿ ಆಗಿದೆ’ ಅಂದು ಒಳಗೆ ಹೋಗುತ್ತಾರೆ. ಅಂದು ರಾತ್ರಿ ಮತ್ತೆ ಕಂಪ್ರೆಸರ್ ಸದ್ದು.

ಹೋದ ವರ್ಷ ಅವರು ಕೈಗೆತ್ತಿಕೊಂಡದ್ದು ಮಾರುತ. ಜರ್ಮನಿಯ ಕುರ್ಟ್ ಟಾಂಕ್ ಎಚ್‌ಎಎಲ್‌ನಲ್ಲಿ ಕೂತು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಬೆಂಗಳೂರಿನಲ್ಲೇ ಮೊದಲು ಹಾರಿದ ಎಚ್‌ಎಫ್-24. ಸುಮಾರು 16 ಮೀಟರ್ ಉದ್ದದ ವಿಮಾನ 1:72ರ ಅಳತೆಯಲ್ಲಿ 22 ಸೆಂಟಿಮೀಟರಿಗೆ ಇಳಿಯುತ್ತದೆ. ಆರಡಿ ಪೈಲಟ್ ಒಂದಿಂಚು. ಅದಕ್ಕೆ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯ ಮೇಲೆ ಹಾರಿದಾಗ ಇದ್ದ ಹಸಿರೇ ಆಗಬೇಕು.

ಆಗ ಮನೆಯ ತುಂಬ ಚಮಚ. ಪಾಯಸಕ್ಕೆ ತಂದಿಟ್ಟ ಬಿಳಿ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಒಂದೊಂದು ಹಸಿರು ಬಳಿದು, ಹಿಡಿಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಪಾಕ ಬರೆದು ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು: ‘ಹಸಿರು ಎಂಟು ತೊಟ್ಟು, ಕಂದು ಎರಡು, ಕಪ್ಪು ಅರೆ.’ ತೊಟ್ಟು ಅಳೆಯಲು ಮಗನ ಜ್ವರದ ಔಷಧಿಯ ಜೊತೆ ಬಂದ ಸಿರಿಂಜು. ಅರೆ ತೊಟ್ಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಎತ್ತುತ್ತಿದ್ದರು, ಉಸಿರು ಬಿಗಿಹಿಡಿದು. ಹಸಿಯಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಇನ್ನೊಂದು, ವಾರ್ನಿಷ್ ಹೊಡೆದರೆ ಮತ್ತೊಂದು. ಇಷ್ಟಾಗಿ ಬಣ್ಣ ಕೂಡಿಬಂತು ಅನ್ನುವಾಗ ‘ಸ್ಕೇಲ್ ಎಫೆಕ್ಟ್’ ತಕರಾರು. ದೂರದ ಬೆಟ್ಟ ಮಸುಕಾಗಿ ಕಾಣುವುದಿಲ್ಲವೇ? ಪುಟ್ಟ ಮಾದರಿಯನ್ನು ಒಂದಡಿಯಿಂದ ನೋಡುವುದೂ ನಿಜವಾದ ವಿಮಾನವನ್ನು 72 ಅಡಿಯಿಂದ ನೋಡುವುದೂ ಒಂದೇ. ಆದ್ದರಿಂದ ಬಿಳಿ ಬೆರೆಸಿ ತಿಳಿಗೊಳಿಸಬೇಕು ಅನ್ನುವುದು ಒಂದು ಮತ. 72 ಅಡಿ ಗಾಳಿಯಲ್ಲಿ ಯಾವ ಮಸುಕು, ಮಣ್ಣು ಅನ್ನುವುದು ಇನ್ನೊಂದು. ದ್ವೈತಾದ್ವೈತ ಇಷ್ಟು ಕಾವೇರಿದ್ದನ್ನು ನಾನು ಕಂಡಿಲ್ಲ. ವರ್ಣಾಚಾರ್ಯರು ಸೋಮವಾರ ಬಿಳಿ ಬೆರೆಸಿ, ಗುರುವಾರ ಪಶ್ಚಾತ್ತಾಪ ಪಡುವ ಪಂಥದವರು.

ಫೋಟೋ ನೋಡಿದರಾಯಿತಲ್ಲ ಅಂದಿರೋ, ಕೆಟ್ಟಿರಿ. ಹಳೆಯ ಈಸ್ಟ್‌ಮನ್ ಕಲರ್ ಸಿನಿಮಾದ ಪ್ರಿಂಟಿನಲ್ಲಿ ನಾಯಕ, ನಾಯಕಿ, ಮರ, ಆಕಾಶ ಎಲ್ಲ ಕೆಂಪಡರಿ ಕೂತಿರುವುದನ್ನು ನೀವು ನೋಡಿದ್ದೀರಿ. ವಿಮಾನದ ಫೋಟೋಗೂ ಅದೇ ಗತಿ. ವಿಮಾನವನ್ನೇ ನೋಡೋಣವೆಂದರೆ, ಬಯಲಲ್ಲಿ ನಿಲ್ಲಿಸಿದ್ದಕ್ಕೆ ಮಳೆ ಬಿಸಿಲಿನ ಕಾಟ. ಮತ್ತೆ ಮತ್ತೆ ಬಳಿಯಲೇಬೇಕು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ಒಂದು ಮಾರುತವಿದೆ. ಅದರ ಮುಂದೆ ಇವರು ಚಮಚಗಳನ್ನು ಒಂದೊಂದಾಗಿ ಎತ್ತಿ ಹಿಡಿಯುತ್ತಿದ್ದರೆ, ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ವಿಮಾನ ಬಿಟ್ಟು ಇವರನ್ನೇ ನೋಡುತ್ತಿದ್ದವು.

ಕೊನೆಗೆ ನಾನೇ ಅವರನ್ನು ನಮ್ಮ ಬೀದಿಯ ಸಾರ್ಜೆಂಟ್ ತಾತನ ಹತ್ತಿರ ಕರೆದುಕೊಂಡು ಹೋದೆ. ವಾಯುಪಡೆಯಲ್ಲಿದ್ದಾಗ ಸ್ವತಃ ಸ್ಪ್ರೇ ಗನ್ ಹಿಡಿದು ಮಾರುತಕ್ಕೆ ಬಣ್ಣ ಹೊಡೆದವರು. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

‘ತಾತ, ಆ ಹಸಿರು ಯಾವ ನಂಬರಿನದು?’

‘ನಂಬರ್ರಾ? ಡಬ್ಬದ ಮೇಲೆ ಏನೋ ಇತ್ತಪ್ಪ. ಗಟ್ಟಿ ಆದ್ರೆ ಥಿನ್ನರ್ ಹುಯ್ತಿದ್ವಿ. ಸಾಲ್ದೇ ಬಂದ್ರೆ ಇನ್ನೊಂದ್ ಡಬ್ಬ ಒಡೀತಿದ್ವಿ. ಬಾಲದ ಹತ್ರ ಒಂಚೂರು ಬೇರೆ ಥರಾನೇ ಕಾಣ್ತಿತ್ತು.’

ವರ್ಣಾಚಾರ್ಯರು ಜೇಬಿನಿಂದ ಚಮಚ ತೆಗೆದು ತೋರಿಸಿದರು. ತಾತ ಕನ್ನಡಕ ಮೇಲೆತ್ತಿ ನೋಡಿ, ಇಷ್ಟು ಚೆನ್ನಾಗಿರಲಿಲ್ಲ ಅಂದರು.

‘ಹಾಗಾದ್ರೆ ನೀವು ತಪ್ಪು ಬಣ್ಣ ಹೊಡೆದಿದ್ದೀರಿ, ತಾತ.’

ತಾತ ಸ್ವಲ್ಪವೂ ಬೇಜಾರು ಮಾಡಿಕೊಳ್ಳಲಿಲ್ಲ. ‘ಇರಬಹುದಪ್ಪ. ನಿನ್ನ ಕೇಳೋಣ ಅಂದ್ರೆ ಆಗಿನ್ನೂ ನೀನು ಹುಟ್ಟಿರಲಿಲ್ಲ.’

ನನ್ನ ಮತ ತಾತನ ಕಡೆಗೆ. ಬಿಸಿಲಲ್ಲಿ ಬೆಂದು, ಎಣ್ಣೆ ಬಳಿದುಕೊಂಡು, ತೇಪೆ ಹಚ್ಚಿಸಿಕೊಂಡು ದುಡಿಯುವ ವಿಮಾನ ಪಟ್ಟಿ ನೋಡಿ ಮುಪ್ಪಾಗುವುದಿಲ್ಲ. ಒಂದೇ ಸ್ಕ್ವಾಡ್ರನ್ನಿನ ಎರಡು ವಿಮಾನದ ಹಸಿರೂ ಒಂದೇ ಇರಬೇಕೆಂದಿಲ್ಲ. ಇದನ್ನು ವರ್ಣಾಚಾರ್ಯರ ಎದುರು ಹೇಳುವ ಧೈರ್ಯ ನನಗಿಲ್ಲ.

ಕಳೆದ ತಿಂಗಳು ಮಾರುತ ಬೀರು ಸೇರಿತು. ಬಾಲದ ಹತ್ತಿರ ಹಸಿರು ಒಂಚೂರು ಬೇರೆ. ಯಾಕೆ ಅಂತ ಕೇಳಿದರೆ ‘ಬೆಳಕಿನ ದೋಷ’ ಅಂದುಬಿಟ್ಟರು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ: ನಿಮ್ಮಲ್ಲಿ ಯಾರ ಹತ್ತಿರವಾದರೂ 1971ರ ಮಾರುತದ ಬಣ್ಣದ ಫೋಟೋ ಇದ್ದರೆ ದಯವಿಟ್ಟು ಜೋಪಾನವಾಗಿ ಇಟ್ಟುಕೊಳ್ಳಿ, ವರ್ಣಾಚಾರ್ಯರಿಗೆ ಮಾತ್ರ ತೋರಿಸಬೇಡಿ. ಅವರ ಮನೆಯವರು ಕೈಮುಗಿದು ಕೇಳಿಕೊಂಡಿದ್ದಾರೆ. ಮುಂದಿನ ವಾರ ಮನೆಗೆ ನೆಂಟರು ಬರುವವರಿದ್ದಾರೆ, ಪಾಯಸಕ್ಕೆ ಚಮಚ ಬೇಕು.