ಭಟ್ಟಿಗೆ ಸೂರ್ಯನ ಸಾಲ

ಗೋವೆಯ ಗೋಡಂಬಿ ಫೆನಿಗೆ 2009ರಲ್ಲಿ ಭೌಗೋಳಿಕ ಮಾನ್ಯತೆ ದೊರೆತ ವೃತ್ತಾಂತವನ್ನು ಓದಿ, ಗಡಿಯ ಈಚೆಗೂ ಒಂದು ಪುಟ್ಟ ವಿಸ್ಕಿ ಭಟ್ಟಿಯನ್ನು, ಅದೂ ಕೇವಲ ಪ್ರಕೃತಿದತ್ತ ಶಕ್ತಿಯಿಂದಲೇ, ನಡೆಸಲು ಸಂಕಲ್ಪಿಸಿದ್ದ ನನ್ನ ಅಳಿಯನು, ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಕುಳಿತು, ಒಂದು ಹನಿಯೂ ಇಳಿಯುವ ಮುನ್ನವೇ ಉನ್ಮತ್ತನಾಗಿದ್ದನು.

“ಮಾವಾ, ಛಾವಣಿಯ ತುಂಬ ಸೌರಫಲಕ!”

“ಮಳೆಗಾಲದ ನಾಲ್ಕು ತಿಂಗಳು ಸೂರ್ಯನಾರಾಯಣನೇ ನಮ್ಮ ಕರಾವಳಿಗೆ ರಜೆ ಹಾಕುತ್ತಾನಲ್ಲ, ತಮ್ಮಾ? ಮೇಲಾಗಿ ಭಟ್ಟಿಯು ಮುಖ್ಯವಾಗಿ ಬೇಡುವುದು ಬೆಳಕನ್ನಲ್ಲ, ಶಾಖವನ್ನು.”

“ಹಾಗಾದರೆ ಕಾಳೀನದಿ?”

“ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಸರಕಾರವು ಆಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ದುಡಿಸಿಕೊಂಡಿದೆ, ದಣಿದು ಕಡಲಿಗೆ ಇಳಿಯುವವಳನ್ನು ನೀನೂ ಕೂಲಿಗೆ ಕರೆಯಬೇಡ.”

“ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆಯಲ್ಲ?”

“ಯುರೇನಿಯಂ ಯಾರ ಹಿತ್ತಿಲಲ್ಲಿ ಮರಳಿ ಚಿಗುರುತ್ತದೆ?”

“ಗಾಳಿ?”

“ಈ ಯೋಜನೆಯಲ್ಲಿ ಧಾರಾಳವಾಗಿರುವುದು ಅದೊಂದೇ.”

ಆದರೂ, ಬಸಿದುಳಿದ ಬಾರ್ಲಿಯ ಚರಟವನ್ನೂ ಭಟ್ಟಿಯ ಗಷ್ಟುನೀರನ್ನೂ ಮುಚ್ಚಿದ ತೊಟ್ಟಿಯಲ್ಲಿ ಕೊಳೆಯಿಸಿ, ಅದರಿಂದ ಹುಟ್ಟುವ ಅನಿಲವನ್ನು ಬಾಯ್ಲರಿಗೇ ಹಿಂದಿರುಗಿಸುವೆನೆಂದು ಅವನು ನುಡಿದಾಗ, ಕುಡಿಯದ ನಾನೂ ತಲೆದೂಗಿದೆನು. ಶಾಖದ ಹಸಿವನ್ನು ಕೊಂಚವಾದರೂ ತಣಿಸುವ ಉಪಾಯ ಅದು.

“ಆದರೆ ಸೂರ್ಯನೊಡನೆ ಲೆಕ್ಕವಿಡು,” ಎಂದೆನು. “ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ನೂರರಲ್ಲಿ ಸುಮಾರು 2 ಪಾಲು ಆವಿಯಾದರೆ, ಬೆಂಗಳೂರಿನಲ್ಲಿ 10 ಪಾಲಾದರೂ ಹೋಗುವುದಂತೆ. ಅಂಕೋಲೆಯ ಸೆಕೆಯಲ್ಲಿ ಆತನು ಕೊಡುವುದಕ್ಕಿಂತ ಕುಡಿಯುವುದೇ ಮಿಗಿಲಾದೀತು.”

ಅಳಿಯನು ಮೌನವಾಗಿ ತನ್ನ ಕಾಗದಪತ್ರಗಳನ್ನು ಮಡಚಿದನು. ಅಬಕಾರಿ ಪರವಾನಗಿಯ ಅರ್ಜಿಯನ್ನು ಅವನು ಇನ್ನೂ ಬರೆದೇ ಇರಲಿಲ್ಲ.