ಚಪಲ್ ಅಮ್ಮನವರಿಗೆ ಒಂದು ಬಹಿರಂಗ ಪತ್ರ

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನೆಲೆಸಿರುವ ಯುದ್ಧನೌಕೆ ಶ್ರೀಮತಿ ಐಎನ್‌ಎಸ್ ಚಪಲ್ ಅವರ ಸನ್ನಿಧಿಗೆ ನಮಸ್ಕಾರಗಳು.

ಮೊದಲಿಗೆ ಅಭಿನಂದನೆ. 1971ರ ಯುದ್ಧದಲ್ಲಿ ತಾವು ಶತ್ರುವನ್ನು ನಡುಗಿಸಿದಿರೆಂದು ಪ್ರವಾಸಿ ಬರಹಗಳು ಹಾಡಿ ಹೊಗಳುತ್ತವೆ. ತಾವು ನೌಕಾಪಡೆಗೆ ಸೇರಿದ್ದು ಮಾತ್ರ 1976ರಲ್ಲಿ. ಹುಟ್ಟುವುದಕ್ಕೆ ಐದು ವರ್ಷ ಮೊದಲೇ ಯುದ್ಧ ಗೆದ್ದವರು ಪುರಾಣದಲ್ಲೂ ಸಿಗರು. ಅಭಿಮನ್ಯು ಕೂಡ ಗರ್ಭದಲ್ಲಿ ಪಾಠ ಕೇಳಿದನೇ ಹೊರತು ಬಾಣ ಬಿಡಲಿಲ್ಲ.

ಆ ಯುದ್ಧದಲ್ಲಿ ಕರಾಚಿಯ ಮೇಲೆ ಎರಗಿದವರು ನಿಮ್ಮ ಅಕ್ಕಂದಿರಾದ ಕ್ಷಿಪಣಿ ದೋಣಿಗಳು: ನಿಪಾತ್, ನಿರ್ಘಾತ್, ವೀರ್, ಆಮೇಲೆ ವಿನಾಶ್. ಅವರ ಬೆನ್ನಿಗೂ ನಾಲ್ಕು ಕ್ಷಿಪಣಿ, ನಿಮ್ಮ ಬೆನ್ನಿಗೂ ನಾಲ್ಕು. ಮುಖಚಹರೆಯೂ ಹೆಚ್ಚುಕಡಿಮೆ ಒಂದೇ. ಹೀಗಾಗಿ ಅಕ್ಕನ ಪದಕ ತಂಗಿಯ ಕೊರಳಿಗೆ ಬಿತ್ತು. 2005ರಲ್ಲಿ ನಿವೃತ್ತಿಯಾಗುವವರೆಗೆ ಕಡಲು ಕಾದದ್ದು ಸಾಲದಾಯಿತೇನೋ! ಗುಂಡು ಹಾರದಿದ್ದರೆ ನಮ್ಮವರ ಪಾಲಿಗೆ ಅದು ಇತಿಹಾಸವೇ ಅಲ್ಲ.

ಇನ್ನು ನಿಮ್ಮ ಹೊಟ್ಟೆಯೊಳಗೆ ಸಮವಸ್ತ್ರ ತೊಟ್ಟ ಗೊಂಬೆಗಳಿವೆ. ಸಂತೋಷ. ಪಕ್ಕದಲ್ಲಿ ಒಂದು ಮೊಳ ಜಾಗ ಊರಿಗೂ ಸಿಗಬಹುದೇ? ನಿಮ್ಮೆದುರಿನ ಕಡಲಲ್ಲೇ ದೇವಗಡ ದ್ವೀಪವಿದೆ; ಅಲ್ಲಿನ ದೀಪಸ್ತಂಭ 1864ರದು, ನಿಮಗಿಂತ ನೂರು ವರ್ಷಕ್ಕೂ ಹಿರಿಯ. 1638ರಲ್ಲೇ ಇಂಗ್ಲಿಷರು ಕಾರವಾರದಲ್ಲಿ ಕೋಠಿ ಹಾಕಿ ಕಾಳುಮೆಣಸಿಗೆ ಕೈಚಾಚಿದ್ದರು. ಈ ತೀರಕ್ಕೆ ಹೆಸರು ಕೊಟ್ಟ ಟ್ಯಾಗೋರ್, ಇಪ್ಪತ್ತರ ಹರೆಯದಲ್ಲಿ, ಜಿಲ್ಲಾ ನ್ಯಾಯಾಧೀಶನಾಗಿದ್ದ ಅಣ್ಣನ ಮನೆಯಲ್ಲಿ ಉಳಿದು ‘ಪ್ರಕೃತಿರ್ ಪ್ರತಿಶೋಧ್’ ಬರೆದರು.

ಎರಡೂ ತುದಿಗೆ ಜನ ಸಾಲುಗಟ್ಟಿ ನಿಂತು ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯದೊಂದು ತುಂಡನ್ನಾದರೂ ತೂಗುಹಾಕಿಸಿ. ಪರ್ಸೀನ್ ಬಲೆಯ ದೋಣಿಗಳು ಬಂದ ಮೇಲೆ ಅದು ಮೂಲೆ ಸೇರಿತು. ಬಂಗಡೆ ರಾಶಿ ಬಿದ್ದ ದಿನ ಹಗ್ಗ ಹಿಡಿದವರಿಗೆಲ್ಲ ಪಾಲು ಸಿಗುತ್ತಿತ್ತು. ಇದನ್ನು ಹೇಳುವ ಗೊಂಬೆ ಯಾವುದು? ನಿಮ್ಮ ಬಳಗದವರಿಗೆ ಸೀಬರ್ಡ್ ನೌಕಾನೆಲೆ ಕಟ್ಟಲೆಂದು ಅರಗಾ ಸುತ್ತಮುತ್ತಲ ಸಾವಿರಾರು ಕುಟುಂಬಗಳು ಮನೆ, ತೆಂಗು, ದಡ ಬಿಟ್ಟು ಎದ್ದವು. ಅವರ ಒಂದು ಫೋಟೊ ನಿಮ್ಮ ಗೋಡೆಗೆ ಭಾರವಾಗದು. ದೇಶರಕ್ಷಣೆಯ ಲೆಕ್ಕದಲ್ಲಿ ಅವರ ಜಮೆಯೂ ಇದೆ.

ಓದುಗರಲ್ಲಿ ಒಂದು ಕೋರಿಕೆ: ಕಾರವಾರಕ್ಕೆ ಹೋದಾಗ ಟಿಕೆಟ್ ತೆಗೆಸಿ, ಹಡಗು ಹತ್ತಿ. ಯಾರಾದರೂ 1971ರ ಕಥೆ ಶುರುಮಾಡಿದರೆ ಇದು ಯಾವ ಇಸವಿಯ ಹಡಗೆಂದು ವಿನಯದಿಂದ ಕೇಳಿ.